ಪಿಗ್ಮಿ ಲೆಕ್ಕದ ಮೆಚ್ಚುಗೆ: ಕೆಲಸದ ಜಾಗದಲ್ಲಿ ಕೃತಜ್ಞತೆ ಮತ್ತು ಕಲಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಿಂದ ಕುಂದಾಪುರದವರೆಗಿನ ಸಣ್ಣ, ಮಧ್ಯಮ ಸಂಸ್ಥೆಗಳ ಸಿಬ್ಬಂದಿ ವಿಭಾಗದಲ್ಲೇ ನನ್ನ ಕೂದಲು ನೆರೆಯಿತು. ನಿವೃತ್ತನಾದರೂ ಜನ ಬಿಟ್ಟಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಪತ್ರದಲ್ಲಿ, ವಾಟ್ಸ್‌ಆ್ಯಪಿನಲ್ಲಿ ಅವೇ ಪ್ರಶ್ನೆಗಳು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಮೊದಲಿನವು ಸುಲಭದವು, ಮುಂದೆ ಹೋದಂತೆ ಗಂಟು ಬಿಗಿಯಾಗುತ್ತದೆ.

## ಮೊದಲ ಮೆಟ್ಟಿಲು

ತಿಂಗಳ ಒಂದನೇ ತಾರೀಕಿಗೆ ಸಂಬಳ ಕೈಗೆ ಬೀಳುತ್ತದೆ. ಅದರ ಮೇಲೆ ಇನ್ನು ಯಾವ ಕೃತಜ್ಞತೆ?

ಸಂಬಳ ಸರಿಯಾದ ದಿನಕ್ಕೆ ಕೊಡುವುದು ದೊಡ್ಡ ಗುಣವೇ. ಕೊಡದವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಅದು ಗಂಜಿಯ ಉಪ್ಪಿನ ಹಾಗೆ. ಉಪ್ಪಿಲ್ಲದಿದ್ದರೆ ಎಲ್ಲರೂ ಮುಖ ಸಿಂಡರಿಸುತ್ತಾರೆ, ಉಪ್ಪಿದೆಯೆಂದು ಯಾರೂ ಕುಣಿಯುವುದಿಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನೋವಿಜ್ಞಾನಿ ಸುಮಾರು 200 ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಪ್ರಕಟಿಸಿದ ತೀರ್ಮಾನವೂ ಹೆಚ್ಚುಕಡಿಮೆ ಇದೇ. ಸಂಬಳ, ನಿಯಮ, ಮೇಲ್ವಿಚಾರಣೆ ಕೆಟ್ಟರೆ ಮನಸ್ಸು ಕೆಡುತ್ತದೆ. ಕೆಲಸದಲ್ಲಿ ಖುಷಿ ಹುಟ್ಟುವುದು ಮಾತ್ರ ಸಾಧನೆ, ಮನ್ನಣೆ, ಬೆಳವಣಿಗೆಯಿಂದ.

ಒಂದು ಎಚ್ಚರಿಕೆ. ಪಿ.ಎಫ್. ಕಟ್ಟದೆ, ಓವರ್‌ಟೈಮ್ ಲೆಕ್ಕ ತಪ್ಪಿಸಿ, ಬೆನ್ನು ತಟ್ಟಿ ‘ನೀವೆಲ್ಲ ನಮ್ಮ ಮನೆಯವರು’ ಎನ್ನುವ ಧನಿಗಳಿಗೆ ಈ ಪುಟ ಉಪಯೋಗಕ್ಕೆ ಬಾರದು. ಅಂಥ ಮಾತಿಗಿಂತ ಮೌನ ಮರ್ಯಾದೆಯದು.

ಆಯುಧಪೂಜೆಗೆ ಎಲ್ಲರಿಗೂ ಸ್ವೀಟ್ ಬಾಕ್ಸ್, ದೀಪಾವಳಿಗೆ ಬೋನಸ್ ಕೊಡುತ್ತೇವೆ. ಸಾಲದೇ?

ಬೋನಸ್ಸನ್ನು ಮೊದಲು ಈ ಲೆಕ್ಕದಿಂದ ಹೊರಗಿಡಿ. ಕಾನೂನಿನ ವ್ಯಾಪ್ತಿಗೆ ಬರುವ ಸಂಸ್ಥೆಯಲ್ಲಿ ಅರ್ಹರಿಗೆ ಕನಿಷ್ಠ ಶೇ. 8.33, ಗರಿಷ್ಠ ಶೇ. 20 ಬೋನಸ್ ಸಲ್ಲಬೇಕು. ಅದು ಅವರ ಹಕ್ಕು, ನಿಮ್ಮ ಔದಾರ್ಯವಲ್ಲ.

ಉಳಿದದ್ದು ಸ್ವೀಟ್ ಬಾಕ್ಸ್. ಇಲ್ಲಿ ನಮ್ಮ ಊರಿನದೇ ಒಂದು ಬುದ್ಧಿವಂತಿಕೆಯನ್ನು ನೆನಪಿಸುತ್ತೇನೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು. ನೇಕಾರ, ಮೀನು ಮಾರುವಾಕೆ, ಬೀಡಾ ಅಂಗಡಿಯವನಿಗೆ ವರ್ಷದ ಕೊನೆಗೆ ಒಟ್ಟಿಗೆ ಹಣ ಕಟ್ಟುವುದು ಆಗದ ಮಾತು, ಎರಡಾಣೆ ಆಗುವ ಮಾತು. ಮೆಚ್ಚುಗೆಯೂ ಹಾಗೆಯೇ. ಹನ್ನೊಂದು ತಿಂಗಳು ಬಾಯಿ ಕಟ್ಟಿಕೊಂಡು ನವರಾತ್ರಿಯಲ್ಲಿ ಒಮ್ಮೆಲೇ ಸುರಿಯುವುದಕ್ಕಿಂತ ದಿನಕ್ಕೆ ಎರಡಾಣೆ ಕಟ್ಟಿ. ಆಯುಧಪೂಜೆ ನಿಲ್ಲಿಸಬೇಕಾಗಿಲ್ಲ. ಆದರೆ ಲೇತ್ ಯಂತ್ರಕ್ಕೆ ಕುಂಕುಮ ಹಚ್ಚುವಾಗ ಅದನ್ನು ಇಪ್ಪತ್ತು ವರ್ಷದಿಂದ ಓಡಿಸುತ್ತಿರುವವರು ಹಿಂದೆ ಕೈಕಟ್ಟಿ ನಿಂತಿರುವುದನ್ನು ಒಮ್ಮೆ ತಿರುಗಿ ನೋಡಿ.

ನಮ್ಮ ಕಡೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳುವ ಅಭ್ಯಾಸವೇ ಇಲ್ಲ. ಹೇಳಿದರೆ ನಾಟಕ ಅನ್ನಿಸುವುದಿಲ್ಲವೇ?

ಅನ್ನಿಸುತ್ತದೆ. ತುಳುವಿನಲ್ಲಿ ‘ಸೊಲ್ಮೆಲು’ ಇದೆ, ಮಂಗಳೂರಿನ ಕ್ರೈಸ್ತರ ಕೊಂಕಣಿಯಲ್ಲಿ ‘ದೇವ್ ಬರೆಂ ಕರುಂ’ ಇದೆ. ಕನ್ನಡದ ‘ಧನ್ಯವಾದ’ವಂತೂ ಸಭೆಯ ಕೊನೆಯ ಕಾರ್ಯಕ್ರಮ, ಕೇಳಿದೊಡನೆ ಜನ ಚಪ್ಪಲಿ ಹುಡುಕತೊಡಗುತ್ತಾರೆ. ದಿನಾ ಜೊತೆಗೆ ಚಹಾ ಕುಡಿಯುವವನಿಗೆ ಇಂಥ ಪದ ಹೇಳಿದರೆ, ಸಾಲ ಕೇಳಲು ಬಂದಿರಬೇಕೆಂದು ಆತ ಗಾಬರಿಯಾದಾನು.

ಆದ್ದರಿಂದ ಪದವನ್ನು ಬಿಡಿ, ನಡೆದದ್ದನ್ನು ಹೇಳಿ. ‘ನಿನ್ನೆ ಸಂಜೆ ಲಾರಿ ಬಂದಾಗ ನೀನು ಎರಡು ಚೀಲ ಬಿಚ್ಚಿ ಬೀಜದ ತೇವ ನೋಡಿದೆಯಲ್ಲ, ಅದರಿಂದ ಬೂಷ್ಟು ಹಿಡಿಯುವುದು ತಪ್ಪಿತು.’ ಕಾರ್ಕಳದ ಕಡೆಯ ಗೇರುಬೀಜ ಕಾರ್ಖಾನೆಯೊಂದರ ಮೇಸ್ತ್ರಿ ಹೇಳಿದ ಮಾತಿದು. ಇದರಲ್ಲಿ ಧನ್ಯವಾದವೂ ಇಲ್ಲ, ಹೊಗಳಿಕೆಯೂ ಇಲ್ಲ. ಏನು ಮಾಡಿದೆ, ಅದರಿಂದ ಏನಾಯಿತು, ಅದು ನನ್ನ ಕಣ್ಣಿಗೆ ಬಿತ್ತು, ಇಷ್ಟೇ. ಕೇಳಿದವನು ‘ಆಯಿತು’ ಎಂದು ತಲೆ ತುರಿಸಿಕೊಂಡು ಹೋದ. ಆದರೆ ಆ ವಾರ ಅವನು ಪ್ರತಿ ಲಾರಿಯ ಚೀಲ ಬಿಚ್ಚಿ ನೋಡಿದ.

## ದಿನನಿತ್ಯದ ರೂಢಿ

ಎಲ್ಲರ ಎದುರು ಹೊಗಳಬೇಕೋ, ಕರೆದು ಹೇಳಬೇಕೋ?

ಆ ವ್ಯಕ್ತಿಯನ್ನು ನೋಡಿಕೊಂಡು ನಿರ್ಧರಿಸಿ. ಕೆಲವರಿಗೆ ಸಭೆ ಬೇಕು, ಕೆಲವರಿಗೆ ಸಭೆಯೇ ಶಿಕ್ಷೆ. ಗೊತ್ತಿಲ್ಲದಿದ್ದರೆ ಕರೆದು ಹೇಳಿ. ಅದರಿಂದ ಯಾರಿಗೂ ಮುಜುಗರವಾದದ್ದನ್ನು ನಾನು ಕಂಡಿಲ್ಲ.

‘ತಿಂಗಳ ಉತ್ತಮ ಉದ್ಯೋಗಿ’ ಎಂದು ಫೋಟೋ ಹಾಕುತ್ತಿದ್ದೆವು. ಈಗ ಯಾರೂ ಅತ್ತ ನೋಡುವುದೂ ಇಲ್ಲ. ಎಲ್ಲಿ ತಪ್ಪಿತು?

ನಾನೂ ಒಮ್ಮೆ ಇದೇ ಹೊಂಡಕ್ಕೆ ಬಿದ್ದವನು. ಆಗ ಇದ್ದ ಕಾರ್ಖಾನೆಯಲ್ಲಿ ಉತ್ಸಾಹದಿಂದ ಒಂದು ಫಲಕ ಮಾಡಿಸಿದೆ. ಮೊದಲ ತಿಂಗಳು ಚಪ್ಪಾಳೆ, ಎರಡನೆಯ ತಿಂಗಳು ಗುಸುಗುಸು. ಐದನೆಯ ತಿಂಗಳಿಗೆ ‘ಈ ಸಲ ಯಾರ ಸರದಿ?’ ಎಂದು ಲೋಡಿಂಗ್‌ನವರು ನನ್ನನ್ನೇ ಕೇಳಿದರು. ಸರದಿ ಎಂಬ ಪದ ಬಂದ ದಿನವೇ ಯೋಜನೆ ಸತ್ತಿತ್ತು. ನಾನು ಮಾತ್ರ ಇನ್ನೂ ಏಳು ತಿಂಗಳು ಫೋಟೋ ಅಂಟಿಸಿದೆ.

ತಪ್ಪು ಎರಡು. ಒಬ್ಬರು ಗೆಲ್ಲಲು ಉಳಿದ ನಲವತ್ತು ಜನ ಸೋಲಬೇಕಾದ ಏರ್ಪಾಡು ಅದು. ಕಂಬಳದ ಗದ್ದೆಗೆ ಸರಿ, ಒಟ್ಟಿಗೆ ಮೂಟೆ ಹೊರುವ ಜಾಗಕ್ಕೆ ಸರಿಯಲ್ಲ. ಜೊತೆಗೆ, ಫೋಟೋದ ಕೆಳಗೆ ಹೆಸರಿತ್ತು, ಕಾರಣವಿರಲಿಲ್ಲ. ಕೊನೆಗೆ ಫಲಕ ತೆಗೆದು ಅದೇ ಮೊಳೆಗೆ ಒಂದು ನೋಟ್‌ಬುಕ್ ಕಟ್ಟಿದೆವು. ಯಾರು ಬೇಕಾದರೂ, ಯಾರ ಬಗ್ಗೆ ಬೇಕಾದರೂ ಒಂದು ಸಾಲು ಬರೆಯಬಹುದು. ಮೊದಲ ವಾರ ಬರೀ ತಮಾಷೆ. ಮೂರನೆಯ ವಾರ ಒಬ್ಬಾಕೆ ಬರೆದಿದ್ದರು: ‘ನನಗೆ ಜ್ವರ ಇದ್ದ ದಿನ ನನ್ನ ಪಾಲಿನ ಸಿಪ್ಪೆ ತೆಗೆದುಕೊಟ್ಟವಳಿಗೆ.’ ಹೆಸರು ಬರೆದಿರಲಿಲ್ಲ. ಯಾರೆಂದು ಎಲ್ಲರಿಗೂ ಗೊತ್ತಿತ್ತು.

ನಮ್ಮದು ಉಡುಪಿಯಲ್ಲಿ ಹೋಟೆಲು. ಗಿರಾಕಿಗಳು ಸಪ್ಲಾಯರನನ್ನು ಹೊಗಳುತ್ತಾರೆ. ಒಳಗೆ ಇರುವವರನ್ನು ಯಾರು ಕೇಳುತ್ತಾರೆ?

ನೀವೇ ಕೇಳಬೇಕು. ಹಿಟ್ಟು ಅರೆಯುವವನ ಕೆಲಸ ಹಿಂದಿನ ದಿನದ್ದು. ಇಡ್ಲಿ ಹೂವಿನಂತೆ ಅರಳಿದೆ ಎಂಬ ಮಾತು ಬೆಳಿಗ್ಗೆ ಏಳಕ್ಕೆ ಬರುವಾಗ ಅವನು ಕೋಣೆಯಲ್ಲಿ ನಿದ್ದೆಯಲ್ಲಿರುತ್ತಾನೆ. ಮಾತನ್ನು ಅವನಿಗೆ ತಲುಪಿಸುವುದು ಗಲ್ಲೆಯಲ್ಲಿ ಕುಳಿತವರ ಕೆಲಸ. ಪಾತ್ರೆ ತೊಳೆಯುವವರು, ರಾತ್ರಿ ಪಾಳಿಯ ವಾಚ್‌ಮನ್, ಗುತ್ತಿಗೆಯ ಸ್ವಚ್ಛತೆಯವರು ಇವರದ್ದೂ ಇದೇ ಕಥೆ. ಕೆಲಸ ಚೆನ್ನಾಗಿ ಆದಾಗ ಕಣ್ಣಿಗೆ ಬೀಳುವುದಿಲ್ಲ, ಕೆಟ್ಟಾಗ ಮಾತ್ರ ಬೀಳುತ್ತದೆ.

ಇಂದು ಕರಾವಳಿಯ ಅಡುಗೆಮನೆ, ಬೋಟು, ಕಟ್ಟಡಗಳಲ್ಲಿ ಉತ್ತರ ಕರ್ನಾಟಕದವರೂ ಒಡಿಶಾ, ಜಾರ್ಖಂಡಿನವರೂ ಇದ್ದಾರೆ. ಕನ್ನಡ ಬಾರದವನಿಗೆ ಕನ್ನಡದಲ್ಲಿ ಬೈದದ್ದು ತಕ್ಷಣ ಅರ್ಥವಾಗುತ್ತದೆ, ಹೊಗಳಿದ್ದು ಅರ್ಥವಾಗುವುದಿಲ್ಲ. ಅವನ ಊರಿನ ಹೆಸರು, ಅವನ ಭಾಷೆಯ ನಾಲ್ಕು ಮಾತು ಕಲಿತುಕೊಳ್ಳಿ. ಅವನ ಹಬ್ಬ ಯಾವುದೆಂದು ಕೇಳಿ, ಆ ದಿನದ ರಜೆಯನ್ನು ಗೊಣಗದೆ ಕೊಡಿ.

ನಾನು ಸಾಮಾನ್ಯ ಗುಮಾಸ್ತೆ. ಮ್ಯಾನೇಜರಿಗೆ ಒಳ್ಳೆಯ ಮಾತು ಹೇಳಿದರೆ ಬೆಣ್ಣೆ ಹಚ್ಚುತ್ತಾಳೆ ಎನ್ನುವುದಿಲ್ಲವೇ?

‘ನೀವು ತುಂಬಾ ಒಳ್ಳೆಯವರು ಸರ್’ ಎಂಬುದು ಬೆಣ್ಣೆ. ‘ಹೊಸ ಸಾಫ್ಟ್‌ವೇರನ್ನು ನೀವು ಪಕ್ಕದಲ್ಲಿ ಕುಳಿತು ತೋರಿಸಿದ ಮೇಲೆ ನನ್ನ ಲೆಕ್ಕ ಸಂಜೆ ಐದಕ್ಕೇ ತಾಳೆಯಾಗುತ್ತಿದೆ’ ಎಂಬುದು ವರದಿ. ಎರಡನೆಯದನ್ನು ಧೈರ್ಯವಾಗಿ ಹೇಳಿ. ವೇತನ ಹೆಚ್ಚಳದ ವಾರದಲ್ಲಿ ಮಾತ್ರ ಬೇಡ.

## ಕಲಿಕೆ ಮತ್ತು ಬೆಳವಣಿಗೆ

ಕೃತಜ್ಞತೆಯ ಮಾತಿನಲ್ಲಿ ತರಬೇತಿ ಎಲ್ಲಿಂದ ಬಂತು? ಎರಡೂ ಬೇರೆಯಲ್ಲವೇ?

ನಿನ್ನ ಇವತ್ತಿನ ಕೆಲಸ ನನಗೆ ಬೇಕಾಯಿತು ಎನ್ನುವುದು ಮೆಚ್ಚುಗೆ. ನಿನ್ನ ನಾಳೆಯೂ ನನಗೆ ಮುಖ್ಯ ಎಂದು ತೋರಿಸುವುದು ಕಲಿಕೆ. ಹತ್ತು ವರ್ಷ ಒಂದೇ ಕೆಲಸದಲ್ಲಿ ಕೂರಿಸಿ ದಿನವೂ ಹೊಗಳಿದರೆ ಅದು ಎತ್ತಿನ ಕೊರಳಿಗೆ ಹೂಮಾಲೆ ಹಾಕಿದಂತೆ.

ಕಲಿಸಿದರೆ ಕಲಿತು ದುಬೈಗೋ ಬೆಂಗಳೂರಿಗೋ ಹಾರುತ್ತಾರೆ. ಕಲಿಸಿದ್ದೇ ನಷ್ಟ.

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು, ಅದೂ ಪ್ರಶ್ನೆಯಾಗಿ ಅಲ್ಲ, ನಿಟ್ಟುಸಿರಾಗಿ. ಹೌದು, ಹಾರುತ್ತಾರೆ. ಕರಾವಳಿಯವರು ಊರು ಬಿಟ್ಟು ದುಡಿಯುವುದು ಹೊಸತೇನಲ್ಲ. ಉಡುಪಿ ಹೋಟೆಲು ಎಂಬ ಹೆಸರು ದೇಶವಿಡೀ ಹರಡಿದ್ದೇ ಹಾರಿದವರಿಂದ. ಕ್ಲೀನರ್ ಆಗಿ ಸೇರಿ, ಸಪ್ಲಾಯರ್ ಆಗಿ, ಅಡುಗೆ ಭಟ್ಟರ ಕೈಕೆಳಗೆ ಪಳಗಿ, ಗಲ್ಲೆಗೆ ಬಂದು, ಕೊನೆಗೆ ಸ್ವಂತ ಹೋಟೆಲು ತೆರೆದವರ ಸಾಲು ಎಷ್ಟು ಉದ್ದ! ಕೋಟದ ಬಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋಗಿ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಮಯ್ಯ ಸಹೋದರರು 1924ರಲ್ಲಿ ತೆರೆದ ಪುಟ್ಟ ಹೋಟೆಲೇ ಮುಂದೆ ಎಂ.ಟಿ.ಆರ್. ಆಯಿತು. ಅದನ್ನು ತೆರೆಯಲು ನೆರವಾದವರಲ್ಲಿ ಅವರು ಕೆಲಸಕ್ಕಿದ್ದ ಮನೆಯ ಧನಿಗಳೂ ಇದ್ದರು. ಒಳ್ಳೆಯ ಅಡುಗೆಯವನನ್ನು ಕಳೆದುಕೊಂಡದ್ದಕ್ಕೆ ಅವರು ಗೊಣಗಿದ್ದರೆ ಏನಾಗುತ್ತಿತ್ತೋ.

ವ್ಯಾಪಾರದ ಮಾತಿಗೆ ಬರೋಣ. ಗೌರವದಿಂದ ಬೀಳ್ಕೊಂಡವನು ಊರ ಜಾತ್ರೆಗೆ ಬಂದಾಗ ನಿಮ್ಮಲ್ಲಿಗೂ ಬರುತ್ತಾನೆ, ಮುಂದಿನ ವರ್ಷ ತನ್ನ ಚಿಕ್ಕಪ್ಪನ ಮಗನನ್ನು ಕಳಿಸುತ್ತಾನೆ. ಕರಾವಳಿಯಲ್ಲಿ ಇಂದು ಕೆಲಸಕ್ಕೆ ಜನ ಸಿಗುವುದು ಪತ್ರಿಕೆಯ ಜಾಹೀರಾತಿನಿಂದಲ್ಲ, ಇಂಥ ಬಾಯಿಮಾತಿನಿಂದ. ಇನ್ನು ಕಲಿಸದೆ ಉಳಿಸಿಕೊಂಡವರ ಬಗ್ಗೆ: ಅವರಲ್ಲಿ ಹಲವರು ಉಳಿಯುವುದು ಬೇರೆಡೆ ಯಾರೂ ಕರೆಯದಿರುವುದರಿಂದ. ಅಂಥವರೇ ತುಂಬಿದ ಕಚೇರಿಯಲ್ಲಿ ನಾನು ಮೂರು ವರ್ಷ ಕಳೆದಿದ್ದೇನೆ. ಗಡಿಯಾರ ನೋಡುವುದರಲ್ಲಿ ಮಾತ್ರ ಅಲ್ಲಿ ಎಲ್ಲರೂ ನುರಿತವರಾಗಿದ್ದರು.

ವರ್ಷಕ್ಕೊಮ್ಮೆ ಹೊರಗಿನಿಂದ ತಜ್ಞರನ್ನು ಕರೆಸಿ ಇಡೀ ದಿನ ತರಬೇತಿ ಮಾಡಿಸುತ್ತೇವೆ. ವಾರದಲ್ಲಿ ಎಲ್ಲ ಮರೆತಿರುತ್ತಾರೆ.

ಮರೆಯುವುದು ಮನುಷ್ಯರ ತಪ್ಪಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನಿಯ ಮನೋವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿಕೊಟ್ಟ: ಕಲಿತದ್ದು ಮೊದಲ ಗಂಟೆ, ಮೊದಲ ದಿನಗಳಲ್ಲೇ ಬೇಗ ಸೋರಿಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ತಿರುವಿಹಾಕಿದರೆ ನಿಲ್ಲುತ್ತದೆ. ನಿಮ್ಮ ಒಂದು ದಿನದ ಎಂಟು ಗಂಟೆಯನ್ನು ಹದಿನೈದು ನಿಮಿಷಗಳ ಮೂವತ್ತೆರಡು ತುಂಡು ಮಾಡಿ, ವಾರಕ್ಕೊಂದರಂತೆ ಹಂಚಿ.

ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಯಕ್ಷಗಾನದಲ್ಲಿದೆ. ಮೇಳ ಸೇರಿದ ಹುಡುಗ ನೇರ ಎದುರುವೇಷದಂಥ ಮುಖ್ಯ ಪಾತ್ರಕ್ಕೆ ಹೋಗುವುದಿಲ್ಲ. ಕಥೆ ಶುರುವಾಗುವ ಮುಂಚಿನ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಂದು ಮೆಟ್ಟಿಲು ಹತ್ತುತ್ತಾನೆ. ನಿಜವಾದ ರಂಗ, ನಿಜವಾದ ಚೆಂಡೆ ಮದ್ದಳೆ. ಆದರೆ ಪ್ರೇಕ್ಷಕರು ಇನ್ನೂ ಚುರುಮುರಿ ಕಟ್ಟಿಸಿಕೊಳ್ಳುತ್ತಿರುತ್ತಾರೆ. ಹೆಜ್ಜೆ ತಪ್ಪಿದರೆ ಪ್ರಸಂಗ ಕೆಡುವುದಿಲ್ಲ. ಹೊಸಬರಿಗೆ ಬೇಕಾದದ್ದು ಇಂಥ ಜಾಗ: ಕೆಲಸ ನಿಜದ್ದು, ತಪ್ಪಿನ ಬೆಲೆ ಸಣ್ಣದು. ಬ್ಯಾಂಕಿನಲ್ಲಾದರೆ ಜನ ಕಡಿಮೆಯಿರುವ ಹೊತ್ತಿನ ಕೌಂಟರ್, ಆಸ್ಪತ್ರೆಯಲ್ಲಾದರೆ ಹಿರಿಯ ನರ್ಸ್ ಪಕ್ಕದಲ್ಲೇ ಇರುವ ಪಾಳಿ. ಕಾಲಮಿತಿಯ ಆಟಗಳು ಬಂದ ಮೇಲೆ ಪೂರ್ವರಂಗಕ್ಕೆ ಕತ್ತರಿ ಬಿದ್ದು, ಕಲಿಯುವವರಿಗೆ ರಂಗವೇ ಸಿಗುತ್ತಿಲ್ಲ ಎಂದು ಹಳೆಯ ಕಲಾವಿದರು ಕೊರಗುತ್ತಾರೆ. ಕಚೇರಿಗಳಲ್ಲೂ ‘ಬೇಗ ಮುಗಿಸಿ’ ಎಂಬ ಭರದಲ್ಲಿ ನಾವು ಮೊದಲು ಕತ್ತರಿಸುವುದು ಅದನ್ನೇ.

ಒಬ್ಬ ಹಿರಿಯ ಕೆಲಸಗಾರರಿದ್ದಾರೆ. ಕೈಯಲ್ಲಿ ಚಿನ್ನದಂಥ ವಿದ್ಯೆ. ಆದರೆ ಕಲಿಸಲು ಬರುವುದಿಲ್ಲ, ‘ನೋಡಿ ಕಲಿ’ ಎನ್ನುತ್ತಾರೆ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ಹೊಸಬರನ್ನು ಬೇಗ ತಯಾರು ಮಾಡಲು ನಾಲ್ಕು ಹಂತಗಳ ಒಂದು ಕ್ರಮ ರೂಢಿಗೆ ಬಂತು. ಕಲಿಯುವವನ ಅಂಜಿಕೆ ಬಿಡಿಸಿ ಅವನಿಗೆ ಎಷ್ಟು ಗೊತ್ತಿದೆ ಎಂದು ತಿಳಿ. ಒಂದೊಂದೇ ಹೆಜ್ಜೆಯನ್ನು ಕಾರಣ ಸಹಿತ ಮಾಡಿ ತೋರಿಸು. ಅವನಿಂದಲೇ ಮಾಡಿಸಿ, ಮಾಡುವಾಗ ಬಾಯಲ್ಲಿ ಹೇಳಿಸು. ಆಮೇಲೆ ಬಿಟ್ಟುಕೊಟ್ಟು ಆಗಾಗ ಬಂದು ನೋಡು. ‘ನೋಡಿ ಕಲಿ’ ಎನ್ನುವವರು ಎರಡನೆಯದರ ಅರ್ಧಕ್ಕೆ ನಿಲ್ಲುತ್ತಾರೆ, ಕಾರಣ ಹೇಳುವುದಿಲ್ಲ. ಜಿಪುಣತನದಿಂದಲ್ಲ, ಕೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ಪಕ್ಕದಲ್ಲಿ ಕುಳಿತು ‘ಇಲ್ಲಿ ಯಾಕೆ ನಿಲ್ಲಿಸಿದಿರಿ ಅಣ್ಣ?’ ಎಂದು ಕೇಳಿ ಬರೆದುಕೊಳ್ಳುವ ಒಬ್ಬರನ್ನು ಜೋಡಿಸಿ. ತಮ್ಮ ಕೆಲಸವನ್ನು ಯಾರೋ ಬರೆದುಕೊಳ್ಳುತ್ತಿದ್ದಾರೆ ಎಂಬುದಕ್ಕಿಂತ ದೊಡ್ಡ ಸನ್ಮಾನವನ್ನು ಅವರು ಕಂಡಿರಲಿಕ್ಕಿಲ್ಲ.

ಸಣ್ಣ ಸಂಸ್ಥೆ. ಕಲಿಸಲು ಹೊತ್ತೂ ಇಲ್ಲ, ಹಣವೂ ಇಲ್ಲ.

ಹೊತ್ತು ಮಳೆಗಾಲದಲ್ಲಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ಧಕ್ಕೆಯಲ್ಲಿ ಬಲೆ ಹೆಣೆಯುವ, ಎಂಜಿನ್ ಬಿಚ್ಚುವ ಕಾಲ ಅದು. ಬೋಟು ನಡೆಸುವ ತಾಂಡೇಲರು ಹುಡುಗರಿಗೆ ಜಿ.ಪಿ.ಎಸ್., ಮೀನು ಪತ್ತೆ ಸಾಧನ ತೋರಿಸಿಕೊಡಲು ಬೇರೆ ಬಿಡುವು ಸಿಗದು. ನಿಮ್ಮ ವ್ಯಾಪಾರಕ್ಕೂ ಅಂಥ ಸಪ್ಪೆ ತಿಂಗಳೊಂದು ಇದ್ದೇ ಇರುತ್ತದೆ.

ಹಣದ ಮಾತು: ಕೆಲಸ ಮಾಡುತ್ತಲೇ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಶಾಲೆ ಬಿಟ್ಟು ಬಂದ ವೆಲ್ಡರ್‌ಗೆ ಆ ಕಾಗದದ ಬೆಲೆ ನಮಗೆ ಊಹಿಸಲಾಗದು. ಹೊಸಬರು ಬೇಕಿದ್ದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ತೆಗೆದುಕೊಳ್ಳಬಹುದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಸ್ವಂತ ಉದ್ಯೋಗ ಮಾಡಬಯಸುವ ನಿರುದ್ಯೋಗಿ ಯುವಜನರಿಗೆ ಉಚಿತ ವಸತಿ ತರಬೇತಿ ಕೊಡುತ್ತ ಬಂದಿದೆ. ನಿಮ್ಮ ಕೆಲಸಗಾರರ ಮನೆಯ ಹುಡುಗ ಹುಡುಗಿಯರಿಗೆ ಆ ದಾರಿ ತೋರಿಸುವುದೂ ಕೃತಜ್ಞತೆಯೇ.

ಬಡ್ತಿ ಕೊಡಲು ಮೇಲೆ ಹುದ್ದೆಯೇ ಇಲ್ಲ. ಬೆಳೆ ಎಂದರೆ ಎಲ್ಲಿಗೆ ಬೆಳೆಯುವುದು?

ಅಡ್ಡಕ್ಕೆ. ಗೇರುಬೀಜದ ಗ್ರೇಡಿಂಗ್ ನೋಡಿ: ಡಬ್ಲ್ಯು-180, 240, 320 ಎಂದರೆ ಒಂದು ಪೌಂಡಿಗೆ ಸುಮಾರು ಅಷ್ಟು ಇಡೀ ಬಿಳಿ ತಿರುಳು. ಇದನ್ನು ಕಣ್ಣಳತೆಯಲ್ಲೇ ವಿಂಗಡಿಸುವ ಮಹಿಳೆಗೆ ಗುಣಮಟ್ಟದ ದಾಖಲೆ ಬರೆಯಲು, ಖರೀದಿದಾರರ ದೂರು ಓದಲು, ಹೊಸಬರ ಕಣ್ಣು ಪಳಗಿಸಲು ಕಲಿಸಿ. ಹುದ್ದೆಯ ಹೆಸರು ಬದಲಾಗದಿದ್ದರೂ ಕೂಲಿ ಬದಲಾಗಲಿ.

## ಗಂಟು ಪ್ರಶ್ನೆಗಳು

ಸ್ವಲ್ಪ ಹೊಗಳಿದರೆ ಸಾಕು, ‘ಹಾಗಾದರೆ ಸಂಬಳ ಹೆಚ್ಚು ಮಾಡಿ’ ಎನ್ನುತ್ತಾರೆ.

ಕೇಳಿದ್ದರಲ್ಲಿ ತಪ್ಪೇನಿದೆ? ಹೆಚ್ಚಿಸಲು ಆಗುವುದಾದರೆ ಹೆಚ್ಚಿಸಿ. ಆಗದಿದ್ದರೆ ಯಾವಾಗ, ಏನು ಕಲಿತರೆ ಆಗುತ್ತದೆ ಎಂದು ತಿಂಗಳ ಹೆಸರು ಸಹಿತ ಹೇಳಿ. ‘ನೋಡೋಣ’ ಎಂಬುದು ಕರಾವಳಿಯಲ್ಲಿ ‘ಇಲ್ಲ’ ಎಂಬುದರ ಸಭ್ಯ ರೂಪ ಎಂದು ಎಲ್ಲರಿಗೂ ಗೊತ್ತು.

ತಪ್ಪು ತಿದ್ದುವಾಗ ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ ಎಂದು ತರಬೇತಿಯಲ್ಲಿ ಹೇಳಿದರು. ಸರಿಯೇ?

ನನಗೆ ಸರಿ ಕಾಣುವುದಿಲ್ಲ. ನಾಲ್ಕು ಸಲ ಹೀಗೆ ಮಾಡಿದರೆ ನೀವು ಹೊಗಳಲು ಬಾಯಿ ತೆರೆದೊಡನೆ ಅವರ ಎದೆ ಡವಗುಟ್ಟುತ್ತದೆ. ತಪ್ಪನ್ನು ತಪ್ಪಾಗಿಯೇ, ಬೇರೆಯವರ ಕಿವಿಗೆ ಬೀಳದಂತೆ, ಅದೇ ದಿನ ಹೇಳಿ. ಮೆಚ್ಚುಗೆಯ ಪಿಗ್ಮಿ ಮೊದಲಿನಿಂದ ಕಟ್ಟುತ್ತ ಬಂದಿದ್ದರೆ ಆ ದಿನ ಹಣ ತೆಗೆಯಲು ಖಾತೆಯಲ್ಲಿ ಏನಾದರೂ ಇರುತ್ತದೆ.

ಮಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ತಂಡದ ಮುಖ್ಯಸ್ಥೆ ನಾನು. ವರ್ಷಾಂತ್ಯದ ಮೌಲ್ಯಮಾಪನ ಇದ್ದೇ ಇದೆಯಲ್ಲ, ಮತ್ತೆ ವರ್ಷವಿಡೀ ಯಾಕೆ?

ಮಾರ್ಚಿನಲ್ಲಿ ಕುಳಿತು ಬರೆಯುವಾಗ ನಿಮಗೆ ನೆನಪಾಗುವುದು ಜನವರಿ, ಫೆಬ್ರವರಿ. ಜುಲೈಯ ಜಡಿಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ಫೋನಿನ ಬೆಳಕಿನಲ್ಲಿ ಗ್ರಾಹಕರನ್ನು ಸಮಾಧಾನಪಡಿಸಿದ ಹುಡುಗ ಆ ಕಾಗದದಲ್ಲಿ ಇರುವುದಿಲ್ಲ. ಪ್ರತಿ ಶುಕ್ರವಾರ ಒಬ್ಬೊಬ್ಬರ ಹೆಸರಿನ ಮುಂದೆ ಒಂದು ಸಾಲು ಬರೆದಿಡಿ, ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ ಕುಳಿತು ಅದನ್ನು ಅವರಿಗೇ ಓದಿ. ಯಾರ ಹೆಸರಿನ ಮುಂದೆ ನಾಲ್ಕು ವಾರ ಏನೂ ಇಲ್ಲವೋ ಅಲ್ಲಿ ಅವರ ಕೆಲಸ ಸೊರಗಿದೆ, ಇಲ್ಲವೇ ನಿಮ್ಮ ಕಣ್ಣು. ಹೆಚ್ಚಾಗಿ ಎರಡನೆಯದು.

ಇಪ್ಪತ್ತೈದು ವರ್ಷ ದುಡಿದ ಮೆಕ್ಯಾನಿಕ್ ಮುಂದಿನ ತಿಂಗಳು ನಿವೃತ್ತರಾಗುತ್ತಿದ್ದಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ ತಯಾರಿದೆ. ಇನ್ನೇನು ಮಾಡಲಿ?

ಮೊದಲು ಗ್ರಾಚ್ಯುಟಿಯ, ಅಂದರೆ ಸೇವೆ ಮುಗಿದಾಗ ಸಲ್ಲಬೇಕಾದ ಇಡುಗಂಟಿನ, ಕಾಗದ ತಯಾರು ಮಾಡಿ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 26,000 ರೂಪಾಯಿ ಇದ್ದರೆ ಇಪ್ಪತ್ತೈದು ವರ್ಷಕ್ಕೆ 3,75,000. ಅದು 30 ದಿನಗಳೊಳಗೆ ಕೈ ಸೇರಬೇಕು. ಶಾಲು ಹೊದಿಸಿ, ಆಮೇಲೆ ಈ ಹಣಕ್ಕಾಗಿ ಆರು ತಿಂಗಳು ಅಲೆಸಿದ್ದನ್ನು ನೋಡಿದ್ದೇನೆ. ಆ ಶಾಲನ್ನು ಅವರು ಸ್ಕೂಟರ್ ಒರೆಸಲು ಇಟ್ಟುಕೊಂಡಿದ್ದರು.

ಉಳಿದಿರುವ ತಿಂಗಳಲ್ಲಿ ಅವರ ಪಕ್ಕಕ್ಕೆ ಇಬ್ಬರು ಹುಡುಗರನ್ನು ಬಿಡಿ. ಸಮಾರಂಭವನ್ನು ಸಂಜೆ ಎಲ್ಲರೂ ಬಸ್ಸಿಗೆ ಓಡುವ ಹೊತ್ತಿನಲ್ಲಿ ಬೇಡ, ಬೆಳಗಿನ ಪಾಳಿಯ ಆರಂಭದಲ್ಲಿ ಇಟ್ಟುಕೊಳ್ಳಿ. ಮುಖ್ಯ ಅತಿಥಿಯ ಭಾಷಣದ ಬದಲು ಆ ಹುಡುಗರಲ್ಲೊಬ್ಬ ಎದ್ದು ನಿಂತು, ಎಂಜಿನಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ತಿಳಿಯುವುದನ್ನು ಇವರಿಂದ ಹೇಗೆ ಕಲಿತೆ ಎಂದು ಹೇಳಲಿ. ಆಮೇಲೆ ಯಂತ್ರ ಶುರು ಮಾಡಿಸಿ, ಅವರನ್ನೇ ಕೇಳಿ: ‘ಸದ್ದು ಸರಿ ಇದೆಯೇ ಅಣ್ಣ?’